ಕಾಕಾನಿಗೆ ಗಂಟಲು ಕ್ಯಾನ್ಸರ್, ಕೊನೆಯ ಹಂತ. ಮನೆಯಲ್ಲಿ ಹೇಗೆ ನೋಡಿಕೊಳ್ಳೋದು? ಅವರಿಗೆ ಹೇಳಬೇಕಾ?

ಮಗ್ಗದಮನೆ (ಬನಹಟ್ಟಿ) · ಸೋಮವಾರ, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯೋದು ಇದೇ ಮೊದಲು. ಉದ್ದ ಆದರೆ ಬೇಜಾರಾಗಬೇಡಿ.

ನಮ್ಮ ಕಾಕಾನಿಗೆ 58 ವರ್ಷ. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವರು ಅವರೇ. ಮೂವತ್ತೈದು ವರ್ಷ ಪವರ್‌ಲೂಮ್ ನಡೆಸಿದ್ದಾರೆ. ರಾತ್ರಿ ಪಾಳಿಯಲ್ಲಿ ನಿದ್ದೆ ಬರಬಾರದು ಅಂತ ತಂಬಾಕು, ಸುಣ್ಣ ತಿಕ್ಕಿ ದವಡೆಗೆ ಇಟ್ಟುಕೊಳ್ಳುತ್ತಿದ್ದರು. ಜೊತೆಗೆ ಬೀಡಿ. ಹೋದ ವರ್ಷ ಯುಗಾದಿ ಹೊತ್ತಿಗೆ ಧ್ವನಿ ಒಡೆಯಿತು. ಮಗ್ಗದ ಸಪ್ಪಳದಲ್ಲಿ ಕೂಗಿ ಕೂಗಿ ಹಾಗಾಗಿದೆ ಅಂದುಕೊಂಡೆವು. ಜೇಷ್ಠಮಧು, ಬಿಸಿನೀರು, ಮೆಡಿಕಲ್ ಅಂಗಡಿಯ ಗುಳಿಗೆ ಅಂತ ಐದು ತಿಂಗಳು ಕಳೆದೆವು. ಕುತ್ತಿಗೆಯಲ್ಲಿ ಗಂಟು ಕಂಡ ಮೇಲೆ ದೊಡ್ಡ ಆಸ್ಪತ್ರೆಗೆ ಹೋದದ್ದು. ರೇಡಿಯೇಷನ್, ನಮ್ಮ ಕಡೆ ಕರೆಂಟ್ ಕೊಡೋದು ಅಂತಾರಲ್ಲ, ಅದು 35 ಸಲ ಆಯಿತು. ಆರು ತಿಂಗಳು ಚೆನ್ನಾಗಿದ್ದರು. ಈಗ ಮತ್ತೆ ಬಂದಿದೆ. ಕುತ್ತಿಗೆಯಲ್ಲೂ ಇದೆ, ಪುಪ್ಪುಸದಲ್ಲೂ ಇದೆ.

ಉಸಿರು ಕಟ್ಟಿದಾಗ ಕುತ್ತಿಗೆಗೆ ತೂತು ಮಾಡಿ ನಳಿಗೆ ಹಾಕಿದರು. ಮೂಗಿನಲ್ಲಿ ಊಟದ ನಳಿಗೆ. ಮಾತು ಪೂರ್ತಿ ಹೋಗಿದೆ. "ಇನ್ನು ಮಾಡುವಂಥದ್ದು ಏನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ" ಅಂದರು. ಕಾರಿಡಾರಿನಲ್ಲಿ ನಿಲ್ಲಿಸಿ ಎರಡು ನಿಮಿಷದಲ್ಲಿ ಹೇಳಿ ಮುಗಿಸಿದರು. ಮನೆಗೆ ಹೋಗಿ ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ.

ಕಾಕಾನಿಗೆ ಈ ವಿಷಯ ಹೇಳಿಲ್ಲ. "ಗಂಟಲಿನ ಬಾವು, ಇಳಿಯುತ್ತೆ" ಅಂದಿದ್ದೇವೆ. ಅವರ ಮಗ ಪುಣೆಯಲ್ಲಿದ್ದಾನೆ. ಹೇಳಿದರೆ ಅಪ್ಪ ಎದೆ ಒಡೆದು ಹೋಗುತ್ತಾರೆ ಅಂತಾನೆ. ಕಾಕು ಏನೂ ಮಾತಾಡೋದಿಲ್ಲ. ಮಗಳು ಬಿ.ಎಡ್ ಓದುತ್ತಿದ್ದಾಳೆ, ಕಾಕಾ ಕಣ್ಣ ಮುಂದೆ ಅವಳ ಮದುವೆ ಮುಗಿಸಿಬಿಡೋಣ ಅಂತ ಹಿರಿಯರು ಗಡಿಬಿಡಿ ಮಾಡುತ್ತಿದ್ದಾರೆ.

ನನ್ನ ಪ್ರಶ್ನೆ ಎರಡೇ. ಮನೆಯಲ್ಲಿ ಹೇಗೆ ನೋಡಿಕೊಳ್ಳೋದು? ಅವರಿಗೆ ಹೇಳಬೇಕಾ, ಬೇಡ್ವಾ?

---

ಕುಂದಾಪ್ರಿಯೆ (ಬೆಳಗಾವಿ) · ಮಂಗಳವಾರ, ಬೆಳಿಗ್ಗೆ 6:15

ತಮ್ಮಾ, ಓದಿ ಕಣ್ಣಲ್ಲಿ ನೀರು ಬಂತು. ನಮ್ಮ ಅವ್ವನಿಗೆ ಅನ್ನನಾಳದ ಕ್ಯಾನ್ಸರ್ ಇತ್ತು. ನಾವೂ ಮುಚ್ಚಿಟ್ಟೆವು. ಫೈಲಿನ ಮೇಲಿದ್ದ ಆಸ್ಪತ್ರೆಯ ಹೆಸರಿಗೆ ಪೇಪರ್ ಅಂಟಿಸಿದ್ದೆವು, ಅಷ್ಟು ಹುಚ್ಚರು ನಾವು. ಅವ್ವ ಓದಿದ್ದು ಮೂರನೇ ಇಯತ್ತೆ. ಪೇಪರ್ ಅಂಟಿಸಿದ್ದನ್ನು ನೋಡಿಯೇ ಅವಳಿಗೆ ತಿಳಿದಿತ್ತಂತೆ. ನಮಗಲ್ಲ, ಪಕ್ಕದ ಮನೆಯವಳಿಗೆ ಹೇಳಿದ್ದಳು. "ಮಕ್ಕಳ ಮುಂದ ನಗಬೇಕಲ್ಲ, ಅದ ಜಾಸ್ತಿ ತ್ರಾಸ" ಅಂತ.

ಅವಳು ಹೋದ ಮೇಲೆ ಕಪಾಟಿನಲ್ಲಿ ನಾಲ್ಕು ಗಂಟು ಸಿಕ್ಕವು. ಒಂದೊಂದರಲ್ಲಿ ಒಂದೊಂದು ಸೀರೆ, ಸ್ವಲ್ಪ ರೊಕ್ಕ. ಯಾರಿಗೆ ಯಾವುದು ಅಂತ ಹೇಳೋಕೆ ನಾವು ಅವಳಿಗೆ ದಾರಿನೇ ಕೊಡಲಿಲ್ಲ. ಇವತ್ತಿಗೂ ಆ ಸೀರೆಗಳ ಸಲುವಾಗಿ ಅಕ್ಕತಂಗಿಯರಲ್ಲಿ ಮಾತು ಸರಿಯಿಲ್ಲ.

ಹೇಳಿ. ಆದರೆ ಧಡಕ್ಕನೆ ಹೇಳಬೇಡಿ. ಮೊದಲು ಅವರನ್ನೇ ಕೇಳಿ, "ನಿಮಗೇನು ಅನಸ್ತದ ಕಾಕಾ?" ಅಂತ. ಅವರು ಎಷ್ಟು ಕೇಳುತ್ತಾರೋ ಅಷ್ಟೇ ಹೇಳಿ.

---

ಬಾಗೇವಾಡಿ_ಗೌಡ · ಮಂಗಳವಾರ, ಬೆಳಿಗ್ಗೆ 8:02

ಅಣ್ಣಾ ಧೈರ್ಯ ಬಿಡಬೇಡಿ. ಡಾಕ್ಟರರು ಹೀಗೇ ಹೇಳುತ್ತಾರೆ. ನಮ್ಮ ಕಡೆ ಒಬ್ಬರು ಬೇರು ಕೊಡುತ್ತಾರೆ, ಇಪ್ಪತ್ತೊಂದು ದಿನ ತಗೊಂಡರೆ ಎಂಥ ಗಂಟು ಇದ್ದರೂ ಕರಗುತ್ತದೆ. ನಂಬರ್ ಹಾಕಿದ್ದೆ, ಅಡ್ಮಿನ್ ತೆಗೆದುಬಿಟ್ಟಿದ್ದಾರೆ. ಬೇಕಾದವರು ಮೆಸೇಜ್ ಮಾಡಿ.

---

ಗುಮ್ಮಟದ_ನೆರಳು (ವಿಜಯಪುರ) · ಮಂಗಳವಾರ, ಬೆಳಿಗ್ಗೆ 8:31

ಗೌಡ್ರೇ, ನಿಮ್ಮ ಮನಸ್ಸು ಒಳ್ಳೆಯದೇ ಇರಬಹುದು. ನಮ್ಮ ಅಪ್ಪನಿಗೂ ಇಂಥದ್ದೇ ಬೇರು ಕೊಡಿಸಿದ್ದೆವು. ಅಪ್ಪನಿಗೆ ಆಗ ಮೊದಲ ಹಂತ, ಆಪರೇಷನ್ ಮಾಡಬಹುದಿತ್ತು. ನಾಲ್ಕು ತಿಂಗಳು ಬೇರು ಕುಡಿಸಿ ಕೂತೆವು. ಎರಡು ಎಮ್ಮೆ ಮಾರಿದೆವು. ಮುಂದಿನದು ಹೇಳಬೇಕಾಗಿಲ್ಲ.

ಮೂಗಿನ ನಳಿಗೆಯಲ್ಲಿ ಕಷಾಯ, ಬೂದಿ, ಬೇರಿನ ಪುಡಿ ಹಾಕಿದರೆ ನಳಿಗೆ ಕಟ್ಟಿಕೊಳ್ಳುತ್ತದೆ. ಅದನ್ನು ಬದಲಿಸೋಕೆ ಮತ್ತೆ ಆಸ್ಪತ್ರೆ, ಮತ್ತೆ ನೋವು. ದಯವಿಟ್ಟು ಬೇಡ.

---

ಹಗಲುರಾತ್ರಿ_ನರ್ಸ್ (ವಿಜಯಪುರ) · ಮಂಗಳವಾರ, ಮಧ್ಯಾಹ್ನ 2:50

ಡ್ಯೂಟಿ ಮುಗಿಸಿ ಈಗ ನೋಡಿದೆ. ಹದಿನಾರು ವರ್ಷದಿಂದ ಇದೇ ಕೆಲಸ, ಅದಕ್ಕೆ ಉದ್ದ ಬರೆಯುತ್ತೇನೆ. ಔಷಧದ ಪ್ರಮಾಣ ಮಾತ್ರ ನಿಮ್ಮ ಡಾಕ್ಟರೇ ಹೇಳಬೇಕು, ನಾನಲ್ಲ.

ಮೊದಲು ಕುತ್ತಿಗೆಯ ನಳಿಗೆ. ಅದರಲ್ಲಿ ಎರಡು ಇರುತ್ತವೆ, ಹೊರಗಿನದು, ಒಳಗಿನದು. ಒಳಗಿನದನ್ನು ತೆಗೆದು ದಿನಕ್ಕೆ ಎರಡು ಮೂರು ಸಲ ತೊಳೆಯಬೇಕು. ಕಫ ಜಾಸ್ತಿ ಇದ್ದರೆ ಇನ್ನೂ ಹೆಚ್ಚು ಸಲ. ಹೊರಗಿನದನ್ನು ನೀವು ಮುಟ್ಟಬೇಡಿ. ಕುತ್ತಿಗೆಗೆ ಕಟ್ಟಿದ ಪಟ್ಟಿಯ ಕೆಳಗೆ ಒಂದು ಬೆರಳು ಹೋಗುವಷ್ಟು ಸಡಿಲ ಇರಲಿ. ಕಫ ಎಳೆಯುವ ಮಷಿನ್ ಇದ್ದರೆ, ಪೈಪನ್ನು ಒಳಗೆ ಬಿಡುವಾಗ ಕಫ ಎಳೆಯಬೇಡಿ, ಹೊರಗೆ ತರುವಾಗ ಮಾತ್ರ ಎಳೆಯಿರಿ. ಹತ್ತು ಹದಿನೈದು ಸೆಕೆಂಡಿನೊಳಗೆ ಹೊರಗೆ ಬರಬೇಕು. ನಮ್ಮ ಹೊಸ ಹುಡುಗಿಯರಿಗೆ ನಾನು ಹೇಳೋದು: ನೀವೂ ಉಸಿರು ಹಿಡಿದುಕೊಂಡು ಎಳೆಯಿರಿ, ನಿಮಗೆ ಕಷ್ಟ ಆಯ್ತು ಅಂದರೆ ಅವರಿಗೂ ಆಯ್ತು.

ನಿಮ್ಮದು ಮಗ್ಗದ ಮನೆ ಅಂದಿರಿ. ಇದು ಬಹಳ ಮುಖ್ಯ. ನಾವು ಮೂಗಿನಿಂದ ಉಸಿರಾಡಿದರೆ ಧೂಳು ಅಲ್ಲೇ ನಿಲ್ಲುತ್ತದೆ, ಗಾಳಿ ತೇವ ಆಗುತ್ತದೆ. ಅವರಿಗೆ ಗಾಳಿ ಸೀದಾ ಪುಪ್ಪುಸಕ್ಕೆ. ನೂಲಿನ ಜೂಲು, ಧೂಳು ಎಲ್ಲ ನಳಿಗೆಯಲ್ಲಿ ಹೋಗಿ ಕಫದ ಜೊತೆ ಗಟ್ಟಿಯಾಗುತ್ತದೆ. ನಳಿಗೆಯ ಬಾಯಿಗೆ ತೆಳುವಾದ ಗಾಜ್ ಬಟ್ಟೆ ಒದ್ದೆ ಮಾಡಿ, ಹಿಂಡಿ, ಸಡಿಲವಾಗಿ ಕಟ್ಟಿ. ಒಣಗಿದಾಗೆಲ್ಲ ಬದಲಿಸಿ. ಮಂಚವನ್ನು ಮಗ್ಗದ ಕೋಣೆಯಿಂದ ದೂರ ಹಾಕಿ. ಸ್ನಾನ ಮಾಡಿಸುವಾಗ ಅಲ್ಲಿ ಒಂದು ಹನಿ ನೀರೂ ಹೋಗಬಾರದು.

ಇನ್ನು ಮೂಗಿನ ನಳಿಗೆ. ಅದು ಮೂಗಿನ ಹತ್ತಿರ ಎಲ್ಲಿದೆಯೋ ಅಲ್ಲಿ ಪೆನ್ನಿನಿಂದ ಗುರುತು ಮಾಡಿ. ಗುರುತು ಜರುಗಿದ್ದರೆ ಏನೂ ಹಾಕಬೇಡಿ, ನರ್ಸಿಗೆ ತೋರಿಸಿ. ಊಟ ಕೊಡುವಾಗ ಕೂರಿಸಿ, ಅಥವಾ ತಲೆದಿಂಬು ಎತ್ತರ ಮಾಡಿ. ಮಲಗಿಸಿ ಕೊಡಲೇಬೇಡಿ. ಸಿರಿಂಜಿನ ದಂಡ ತೆಗೆದು, ಕೊಳವೆ ಎತ್ತಿ ಹಿಡಿದು ತಾನಾಗೇ ಇಳಿಯಲು ಬಿಡಿ, ಒತ್ತಬೇಡಿ. ಒಂದು ಸಲಕ್ಕೆ ಒಂದು ಲೋಟ, ಸುಮಾರು 200 ಮಿಲಿ. ಮುಂಚೆ ಸ್ವಲ್ಪ ನೀರು, ಆಮೇಲೆ ಸ್ವಲ್ಪ ನೀರು. ಆಮೇಲೂ ಅರ್ಧ ಮುಕ್ಕಾಲು ಗಂಟೆ ಕೂತಿರಲಿ. ಜೋಳದ ಅಂಬಲಿ, ರಾಗಿ ಗಂಜಿ, ಬೇಳೆ ಕಟ್ಟು, ಹಾಲು, ಮಜ್ಜಿಗೆ ಎಲ್ಲ ಆಗುತ್ತದೆ. ಆದರೆ ತೆಳು ಬಟ್ಟೆಯಲ್ಲಿ ಸೋಸಲೇಬೇಕು.

ನೋವಿನ ಬಗ್ಗೆ ನೀವು ಬರೆದೇ ಇಲ್ಲ. ಅವರಿಗೆ ಈಗ ಏನು ಕೊಡುತ್ತಿದ್ದೀರಿ?

---

ಮಗ್ಗದಮನೆ (ಬನಹಟ್ಟಿ) · ಮಂಗಳವಾರ, ಸಂಜೆ 7:20

ಅಕ್ಕಾರ, ಜೂಲಿನ ವಿಷಯ ಓದಿ ಎದೆ ಝಲ್ಲೆಂದಿತು. ಅವರ ಮಂಚ ಮಗ್ಗದ ಕೋಣೆಯ ಬಾಗಿಲಲ್ಲೇ ಇತ್ತು. ಸಪ್ಪಳ ಕೇಳದಿದ್ದರೆ ಅವರಿಗೆ ನಿದ್ದೆ ಬರೋದಿಲ್ಲ ಅಂತ ನಾವೇ ಹಾಕಿದ್ದು. ಇವತ್ತು ಪಡಸಾಲೆಗೆ ತಂದೆವು. ನಳಿಗೆ ತೊಳೆದಾಗ ಒಳಗಿಂದ ಕೆಂಪು ನೂಲಿನ ಎಳೆ ಬಂತು. ಹೋದ ವಾರ ನೇಯ್ದ ಸೀರೆಯ ಬಣ್ಣ ಅದು.

ನೋವಿಗೆ ಮಾಮೂಲಿ ಗುಳಿಗೆ ಪುಡಿ ಮಾಡಿ ಹಾಕುತ್ತೇವೆ. ರಾತ್ರಿ ಎರಡಕ್ಕೆ ಎದ್ದು ಕೂತುಬಿಡುತ್ತಾರೆ. ಕಿವಿಯವರೆಗೂ ಎಳೆಯುತ್ತದಂತೆ. ಮಾರ್ಫಿನ್ ಅಂತ ಒಬ್ಬ ಡಾಕ್ಟರ್ ಹೇಳಿದ್ದರು. ಅಣ್ಣ, ಅಂದರೆ ಪುಣೆಯಲ್ಲಿರುವ ಕಾಕಾನ ಮಗ, ಬೇಡ ಅಂದ. ಅದು ಕೊಟ್ಟರೆ ಚಟ ಹತ್ತುತ್ತದೆ, ಬೇಗ ಹೋಗಿಬಿಡುತ್ತಾರೆ ಅಂತ.

---

ಹಗಲುರಾತ್ರಿ_ನರ್ಸ್ (ವಿಜಯಪುರ) · ಮಂಗಳವಾರ, ರಾತ್ರಿ 10:05

ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ನಿಮ್ಮ ಮೇಲೆ ಸಿಟ್ಟಲ್ಲ. ಡಾಕ್ಟರ್ ಹೇಳಿದ ಅಳತೆಯಲ್ಲಿ ನೋವಿಗೆ ಕೊಡುವ ಮಾರ್ಫಿನ್‌ನಿಂದ ಸಾವು ಬೇಗ ಬರೋದಿಲ್ಲ. ಚಟದ ಮಾತಂತೂ ಬಿಡಿ. ನೋವು ತಡೆಯಲಾಗದೆ ರಾತ್ರಿ ಎರಡಕ್ಕೆ ಎದ್ದು ಕೂತವರಿಗೆ ಏನು ಚಟ?

ಸಾದಾ ಮಾರ್ಫಿನ್ ಗುಳಿಗೆ ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ. ನೋವು ಬಂದ ಮೇಲಲ್ಲ, ಗಡಿಯಾರ ನೋಡಿ ಕೊಡಬೇಕು. ಮೊದಲ ಎರಡು ಮೂರು ದಿನ ಮಂಪರು, ವಾಂತಿ ಬಂದ ಹಾಗೆ ಆಗಬಹುದು, ಆಮೇಲೆ ಇಳಿಯುತ್ತದೆ. ಮಲಬದ್ಧತೆ ಮಾತ್ರ ಇಳಿಯೋದಿಲ್ಲ. ಅದಕ್ಕೆ ಮೊದಲ ದಿನದಿಂದಲೇ ಬೇರೆ ಔಷಧ ಬರೆಸಿಕೊಳ್ಳಿ. ನಳಿಗೆಯಲ್ಲಿ ಹಾಕೋದು ಅಂತ ಡಾಕ್ಟರಿಗೆ ಹೇಳಿ. ನಿಧಾನವಾಗಿ ಬಿಡುಗಡೆ ಆಗುವ ಬಗೆಯ ಗುಳಿಗೆಯನ್ನು ಪುಡಿ ಮಾಡಿದರೆ ಇಡೀ ದಿನದ ಔಷಧ ಒಮ್ಮೆಲೇ ಇಳಿಯುತ್ತದೆ, ಅದು ಅಪಾಯ. ಗುಳಿಗೆ ಕಪಾಟಿನಲ್ಲಿ ಕೀಲಿ ಹಾಕಿ ಇಡಿ.

ಎಲ್ಲ ಮೆಡಿಕಲ್ ಅಂಗಡಿಯಲ್ಲಿ ಸಿಗೋದಿಲ್ಲ. 2014ರಲ್ಲಿ ಮಾದಕ ವಸ್ತು ಕಾಯ್ದೆಗೆ ತಿದ್ದುಪಡಿ ಆದ ಮೇಲೆ, ಮಾನ್ಯತೆ ಪಡೆದ ಆಸ್ಪತ್ರೆಗಳು ಇಟ್ಟುಕೊಳ್ಳೋದು ಮೊದಲಿಗಿಂತ ಸುಲಭ ಆಗಿದೆ. ಕ್ಯಾನ್ಸರ್ ವಿಭಾಗ ಇರುವ ದೊಡ್ಡ ಆಸ್ಪತ್ರೆಗೆ ಹೋಗಿ "ಪ್ಯಾಲಿಯೇಟಿವ್ ಕೇರ್" (ನೋವು, ತ್ರಾಸ ಕಡಿಮೆ ಮಾಡುವ ಆರೈಕೆ) ಅಥವಾ "ಪೇನ್ ಕ್ಲಿನಿಕ್" ಎಲ್ಲಿದೆ ಅಂತ ಕೇಳಿ. ಇಷ್ಟೇ ಪದ ಸಾಕು. ಬಹಳ ಕಡೆ ಅರಿವಳಿಕೆ ಡಾಕ್ಟರರೇ ಇದನ್ನು ನೋಡುತ್ತಾರೆ. ಬೆಂಗಳೂರಿನಲ್ಲಿ ಕರುಣಾಶ್ರಯ ಇದೆ, ಕೊನೆ ಹಂತದವರನ್ನು ಉಚಿತವಾಗಿ ನೋಡಿಕೊಳ್ಳುತ್ತಾರೆ. ಆದರೆ ಬನಹಟ್ಟಿಯಿಂದ ಈ ಸ್ಥಿತಿಯಲ್ಲಿ ಒಂದು ರಾತ್ರಿಯ ದಾರಿ. ನಾನಾದರೆ ಕರೆದೊಯ್ಯೋದಿಲ್ಲ. ಹತ್ತಿರದ ಬೆಳಗಾವಿ, ಬಾಗಲಕೋಟೆ, ಮಿರಜ್ ನೋಡಿ. ಬೆಳಗಾವಿಯಲ್ಲಿ ಕೆಎಲ್‌ಇಯವರ ಕ್ಯಾನ್ಸರ್ ಆಸ್ಪತ್ರೆಯೇ 2025ರ ಜನವರಿಯಲ್ಲಿ ಉದ್ಘಾಟನೆ ಆಗಿದೆ.

---

ಪಾಟಿ_ಬಳಪ (ಗೋಕಾಕ) · ಬುಧವಾರ, ಬೆಳಿಗ್ಗೆ 5:30

ಇಷ್ಟು ಹೊತ್ತು ಓದುತ್ತಿದ್ದೆ. ಬರೀಬೇಕೋ ಬೇಡವೋ ಅಂತ.

ನಾನು ಮಂಚದ ಈ ಕಡೆಯವನು. ಆರು ವರ್ಷದ ಹಿಂದೆ ನನ್ನ ಧ್ವನಿಪೆಟ್ಟಿಗೆ ಪೂರ್ತಿ ತೆಗೆದಿದ್ದಾರೆ. ಕುತ್ತಿಗೆಯ ತೂತಿನಿಂದ ಉಸಿರಾಡುತ್ತೇನೆ. ನನ್ನದು ಬೇಗ ಗೊತ್ತಾಯಿತು, ಬದುಕಿದೆ. ಆದರೆ ಮಾತು ಹೋದವನಿಗೆ ಏನಾಗುತ್ತದೆ ಅಂತ ನನಗೆ ಗೊತ್ತು.

ಎಲ್ಲರೂ ನನ್ನ ಹತ್ತಿರ ಜೋರಾಗಿ ಮಾತಾಡಲು ಶುರು ಮಾಡಿದರು. ನನಗೆ ಹೋದದ್ದು ಬಾಯಿ, ಕಿವಿ ಅಲ್ಲ. ಆಮೇಲೆ ನನ್ನ ಮುಂದೆಯೇ ನನ್ನ ಬಗ್ಗೆ ಮಾತಾಡಲು ಶುರು ಮಾಡಿದರು. "ಇವರಿಗೆ ಚಹಾ ಕೊಡಲಾ?" ಅಂತ ಹೆಂಡತಿಯನ್ನು ಕೇಳುತ್ತಾರೆ. ನಾನು ಅಲ್ಲೇ ಕೂತಿರುತ್ತೇನೆ.

ನಾನು ಪಾಟಿ ಮೇಲೆ "ನನಗೆ ನಿನ್ನೆ" ಅಂತ ಬರೆಯುವುದರೊಳಗೆ ತಮ್ಮ "ಹಾಂ, ನಿನ್ನೆ ನಿದ್ದೆ ಬರಲಿಲ್ಲ ಅಲ್ವಾ" ಅನ್ನುತ್ತಿದ್ದ. ನಾನು ಬರೆಯಬೇಕೆಂದದ್ದು ಬೇರೆ. ಅಳಿಸಿಬಿಡುತ್ತಿದ್ದೆ. ಎಷ್ಟೋ ಮಾತು ಹಾಗೆ ಅಳಿಸಿಹೋದವು.

ಪೂರ್ತಿ ಬರೆಯುವವರೆಗೆ ಕಾಯಿರಿ. ಹೌದು, ಅಲ್ಲ ಅನ್ನುವಂಥ ಪ್ರಶ್ನೆ ಕೇಳಿ, ಆದರೆ ಬರೀ ಅದನ್ನೇ ಕೇಳಬೇಡಿ. ಕೈಗೆ ಸಿಗುವ ಹಾಗೆ ಒಂದು ಗಂಟೆ ಇಡಿ, ದೇವರ ಜಗಲಿಯದೇ ಆದರೂ ಸರಿ. ರಾತ್ರಿ ಉಸಿರು ಕಟ್ಟಿದರೆ ಕೂಗಲು ಆಗೋದಿಲ್ಲ. ಕತ್ತಲೆಯಲ್ಲಿ ಅದೇ ದೊಡ್ಡ ಹೆದರಿಕೆ, ನೋವಿಗಿಂತ ದೊಡ್ಡದು. ಮಲಗುವ ಕೋಣೆಯಲ್ಲಿ ಸಣ್ಣ ದೀಪ ಇರಲಿ.

ನೀವು ಅವರಿಗೆ ವಿಷಯ ಮುಚ್ಚಿಟ್ಟಿದ್ದೀರಿ. ಅವರ ಬಾಯಿ ರೋಗ ಮುಚ್ಚಿತು, ಕೈ ನೀವು ಕಟ್ಟುತ್ತಿದ್ದೀರಿ. ಒರಟಾಯಿತು, ಕ್ಷಮಿಸಿ.

---

ಮಗ್ಗದಮನೆ (ಬನಹಟ್ಟಿ) · ಬುಧವಾರ, ರಾತ್ರಿ 9:15

ಯಜಮಾನ್ರೇ, ಒರಟಾಗಲಿಲ್ಲ. ಈ ಮಾತು ಬೇಕಿತ್ತು.

ನೀವು ಬರೆದದ್ದು ಓದಿ ಒಂದು ವಿಷಯ ಹೊಳೆಯಿತು. ಕಾಕು ಹತ್ತಿರ ಕಾಕಾ ಪಾಟಿ ಬಳಸೋದೇ ಇಲ್ಲ. ನಮ್ಮ ಹತ್ತಿರ ಮಾತ್ರ. ಯಾಕೆ ಅಂದರೆ ಅವರಿಬ್ಬರೂ ಮಗ್ಗದ ಸಪ್ಪಳದಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದವರು. ನಾಲ್ಕು ಮಗ್ಗ ಒಟ್ಟಿಗೆ ನಡೆದರೆ ಕಿವಿಯ ಹತ್ತಿರ ಕೂಗಿದರೂ ಕೇಳೋದಿಲ್ಲ. ಕಾಕು ಆ ಮೂಲೆಯಲ್ಲಿ ಕಂಡಿಕಿ (ಅಡ್ಡ ನೂಲಿನ ಸಣ್ಣ ಉರುಳೆ) ಸುತ್ತುತ್ತಾ ಕೂತರೆ, ಕಾಕಾ ಈ ಕಡೆಯಿಂದ ತುಟಿ ಆಡಿಸುತ್ತಿದ್ದರು, ಕೈ ಆಡಿಸುತ್ತಿದ್ದರು. ಎರಡು ಬೆರಳು ಹರಿದ ಹಾಗೆ ಮಾಡಿದರೆ ಎಳೆ ಹೋಯಿತು ಅಂತ. ಮೀಸೆ ಮುಟ್ಟಿದರೆ ಮಾಲಕರು ಬಂದರು ಅಂತ. ಮಾಲಕರಿಗೆ ಮೀಸೆ ಇರಲಿಲ್ಲ, ಅದೇ ತಮಾಷೆ. ಜಗಳವನ್ನೂ ಹಾಗೇ ಆಡುತ್ತಿದ್ದರು.

ಇವತ್ತು ಪಡಸಾಲೆಯಲ್ಲಿ ಇಬ್ಬರನ್ನೂ ಸುಮ್ನೆ ನೋಡಿದೆ. ಹತ್ತು ನಿಮಿಷ ಮಾತಾಡಿದರು. ಒಂದು ಶಬ್ದ ಇಲ್ಲ. ಕಾಕು ನಕ್ಕಳು ಕೂಡ. ಕಾಕು ನಮ್ಮ ಹತ್ತಿರ ಯಾಕೆ ಮಾತಾಡುತ್ತಿಲ್ಲ ಅಂತ ಈಗ ಅನುಮಾನ ಬರುತ್ತಿದೆ.

ನಾಳೆ ಕೇಳುತ್ತೇನೆ.

---

ಮುಧೋಳದಾಕಿ · ಬುಧವಾರ, ರಾತ್ರಿ 9:50

ನಮ್ಮನೆಯವರಿಗೂ ಇದೇ. ಇನ್ನೂ ನಳಿಗೆ ಹಾಕಿಲ್ಲ, ಮುಂದಿನ ವಾರ ಅಂತಿದ್ದಾರೆ. ಓದುತ್ತಾ ಇದ್ದೇನೆ, ಬರೆಯೋಕೆ ಆಗ್ತಾ ಇಲ್ಲ. ಒಂದೇ ಕೇಳಬೇಕು. ನಮ್ಮ ಅತ್ತೆ ಮಕ್ಕಳನ್ನು ಅವರ ಹತ್ತಿರ ಬಿಡುತ್ತಿಲ್ಲ, ತಾಟು ಲೋಟ ಬೇರೆ ಮಾಡಿದ್ದಾರೆ. ಅಂಟುತ್ತದಾ?

---

ಹಗಲುರಾತ್ರಿ_ನರ್ಸ್ (ವಿಜಯಪುರ) · ಬುಧವಾರ, ರಾತ್ರಿ 10:12

ಇಲ್ಲ ತಂಗಿ. ಒಂದೇ ತಾಟಿನಲ್ಲಿ ಉಂಡರೂ ಕ್ಯಾನ್ಸರ್ ಅಂಟೋದಿಲ್ಲ. ಮಕ್ಕಳನ್ನು ಮಂಚದ ಮೇಲೆ ಕೂರಿಸಿ. ಕಫ ಒರೆಸಿದ ಮೇಲೆ ಕೈ ತೊಳೆದುಕೊಳ್ಳಿ, ಅದು ಎಲ್ಲ ರೋಗಿಗಳ ವಿಷಯದಲ್ಲೂ ಮಾಡುವಂಥದ್ದೇ.

---

ಮಗ್ಗದಮನೆ (ಬನಹಟ್ಟಿ) · ಗುರುವಾರ, ರಾತ್ರಿ 11:58

ಕೇಳಿದೆ.

ಮಧ್ಯಾಹ್ನ ಅಂಬಲಿ ಹಾಕಿ ಕೂರಿಸಿದ್ದೆ. ಹೇಗಿದ್ದರೂ ಅರ್ಧ ಗಂಟೆ ಕೂರಲೇಬೇಕಲ್ಲ. "ಕಾಕಾ, ನಿಮಗ ಏನ್ ಅನಸ್ತದ ಈ ರೋಗದ ಬಗ್ಗೆ?" ಅಂದೆ. ಬಹಳ ಹೊತ್ತು ನನ್ನ ಮುಖ ನೋಡಿದರು. ಪಾಟಿ ತಗೊಂಡು ಬರೆದರು. ಪೂರ್ತಿ ಬರೆಯುವವರೆಗೆ ಕಾದೆ.

"ಚಹಾದಂಗಡಿಯಾಂವ ರೊಕ್ಕ ತಗೊಳೂದು ಬಿಟ್ಟಾನ. ಹತ್ತ ಪೈಸೆ ಬಿಡಲಾರದ ಮನಿಷಾ. ಅವತ್ತ ತಿಳೀತು."

ನನಗೆ ನಗು ಬಂತು, ಅಳುವೂ ಬಂತು. ಅವರೂ ನಕ್ಕರು. ಧ್ವನಿ ಇಲ್ಲ, ಹೆಗಲು ಮಾತ್ರ ಅಲುಗಿತು. ನಳಿಗೆಯಿಂದ ಕಫ ಹಾರಿ ನನ್ನ ಅಂಗಿಗೆ ಬಿತ್ತು. ಮತ್ತೆ ನಕ್ಕರು.

ಆಮೇಲೆ ಬರೆದರು, "ಹಾಸ ಎಷ್ಟ ಉಳದೈತಿ?" ನಾನು ದೊಡ್ಡ ವೇದಾಂತ ಅಂದುಕೊಂಡು ಅವರ ಕೈ ಹಿಡಿದು, ಡಾಕ್ಟರ್ ಕೆಲವು ವಾರ ಅಂದಿದ್ದಾರೆ ಕಾಕಾ ಅಂದೆ. ಕೈ ಬಿಡಿಸಿಕೊಂಡು ಇನ್ನೊಂದು ಸಾಲು ಬರೆದರು. "ಎರಡನೇ ಮಗ್ಗದ್ದು ಕೇಳಿದ್ನಿ." ಹಾಸು ಅಂದರೆ ಮಗ್ಗಕ್ಕೆ ಉದ್ದಕ್ಕೆ ಹಾಕುವ ನೂಲು, ಅದನ್ನು ಸುತ್ತಿಟ್ಟ ಉರುಳೆಯೇ ಬೀಮು. ಆ ಬೀಮಿನಲ್ಲಿ ಇನ್ನೂ ಎಂಟು ಸೀರೆಯ ಹಾಸು ಇದೆ. ಮಾಲಕರಿಗೆ ಕೊಡಬೇಕಾದ ಲೆಕ್ಕ. ಅದನ್ನು ಮುಗಿಸಿ ಮುಂಗಡ ತೀರಿಸು ಅಂದರು.

ಕೆಲವು ವಾರ ಅನ್ನೋದನ್ನೂ ಕೇಳಿಸಿಕೊಂಡರು. ಅದಕ್ಕೆ ಏನೂ ಬರೆಯಲಿಲ್ಲ. ಪಾಟಿ ಒರೆಸಿ ಕೊಟ್ಟರು.

ಕಾಕುವಿಗೆ ಎಲ್ಲ ಗೊತ್ತಿತ್ತು. ಅವರಿಬ್ಬರೂ ಯಾವಾಗಲೋ ಮಾತಾಡಿ ಮುಗಿಸಿದ್ದರು. ನಾವು ಮುಚ್ಚಿಟ್ಟಿದ್ದೇವೆ ಅಂದುಕೊಂಡಿದ್ದೆವು, ಅವರು ನಮ್ಮಿಂದ ಮುಚ್ಚಿಟ್ಟಿದ್ದರು.

ಸಂಜೆ ಮದುವೆಯ ಮಾತು ತೆಗೆದ ದೊಡ್ಡಪ್ಪನಿಗೆ ಪಾಟಿ ತೋರಿಸಿದರು. "ಬಿ.ಎಡ್ ಮುಗೀಲಿ. ನನ್ನ ಸಲುವಾಗಿ ಗಡಿಬಿಡಿ ಬ್ಯಾಡ." ಕೆಳಗೆ ಎರಡು ಗೆರೆ ಎಳೆದಿದ್ದರು.

ಅಣ್ಣ ಫೋನಿನಲ್ಲಿ ಬಹಳ ಬೈದ. ಶನಿವಾರ ಬರುತ್ತಾನೆ.

---

ಗುಮ್ಮಟದ_ನೆರಳು (ವಿಜಯಪುರ) · ಶುಕ್ರವಾರ, ಬೆಳಿಗ್ಗೆ 7:10

ಮದುವೆ ವಿಷಯದಲ್ಲಿ ಸ್ವಲ್ಪ ಬೇರೆ ಅಭಿಪ್ರಾಯ ನನ್ನದು. ನಮ್ಮ ಅಪ್ಪ ತಂಗಿಯ ಅಕ್ಷತೆ ನೋಡಿಯೇ ಹೋದರು, ಆ ದಿನ ಅವರ ಮುಖ ನೋಡಬೇಕಿತ್ತು. ಆದರೆ ಅದನ್ನು ಕೇಳಿದವರು ಅವರೇ. ನಿಮ್ಮ ಕಾಕಾ ಬೇಡ ಅಂದಿದ್ದಾರೆ. ಮುಗೀತು.

---

ಲೆಕ್ಕದ_ಮಾಸ್ತರ್ (ಬಾಗಲಕೋಟೆ) · ಶುಕ್ರವಾರ, ಬೆಳಿಗ್ಗೆ 9:40

ಎಲ್ಲರೂ ಮನಸ್ಸಿನ ಮಾತು ಬರೆದಿದ್ದಾರೆ, ನಾನು ಕಾಗದದ ಮಾತು ಬರೆಯುತ್ತೇನೆ. ಅವರ ಕೈ ಇನ್ನೂ ಬರೆಯುತ್ತಿದೆ, ಅದಕ್ಕೇ ಇದು ಈಗಲೇ ಆಗಬೇಕು.

ಬ್ಯಾಂಕು, ಸೊಸೈಟಿ, ಎಲ್‌ಐಸಿ, ಎಲ್ಲದರಲ್ಲೂ ನಾಮಿನಿ ಹೆಸರು ಇದೆಯಾ ನೋಡಿ. ಮಗ್ಗ, ಮನೆ ಯಾರ ಹೆಸರಲ್ಲಿದೆ? ಮೃತ್ಯುಪತ್ರ ಬರೆಯುವುದಿದ್ದರೆ ಸ್ಟಾಂಪ್ ಪೇಪರ್ ಬೇಕಿಲ್ಲ, ನೋಂದಣಿ ಕಡ್ಡಾಯ ಅಲ್ಲ. ಆದರೆ ಅವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ಆಸ್ತಿ ಪಡೆಯುವವರು ಸಾಕ್ಷಿ ಹಾಕದಿದ್ದರೆ ಒಳ್ಳೆಯದು. ನೋಂದಣಿ ಮಾಡಿಸಿದರೆ ಮುಂದೆ ಜಗಳ ಕಡಿಮೆ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್, ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಅದು ಆಸ್ಪತ್ರೆಯ ಚಿಕಿತ್ಸೆಗೆ. ಮನೆಯಲ್ಲಿ ಬಳಸುವ ಗಾಜ್, ಪೈಪು, ಮಷಿನ್‌ಗೆ ಕೈಯಿಂದಲೇ ಹೋಗುತ್ತದೆ, ಅದಕ್ಕೆ ಒಂದಿಷ್ಟು ರೊಕ್ಕ ಪಕ್ಕಕ್ಕೆ ಇಡಿ. ಚಿಕಿತ್ಸೆಗೆ ರೈಲಿನಲ್ಲಿ ಹೋಗುವವರಿದ್ದರೆ, ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗೆ ಬರುವ ಒಬ್ಬರಿಗೆ 75 ಭಾಗ ರಿಯಾಯಿತಿ. ಆಸ್ಪತ್ರೆಯ ಪ್ರಮಾಣಪತ್ರ ಬೇಕು. ಮುಧೋಳದ ತಂಗಿಗೆ ಇದು ಉಪಯೋಗ ಆಗಬಹುದು.

ಇನ್ನೊಂದು. ಕೊನೆಗೆ ಉಸಿರಾಟದ ಮಷಿನ್ ಹಾಕಬೇಕಾ ಬೇಡವಾ ಅನ್ನೋದನ್ನು ಅವರೇ ಮೊದಲೇ ಬರೆದಿಡಬಹುದು. ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಇದನ್ನು ಒಪ್ಪಿತು, 2023ರಲ್ಲಿ ನಿಯಮ ಸರಳ ಮಾಡಿತು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ನಮ್ಮ ರಾಜ್ಯ ಸರ್ಕಾರವೂ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದೆ. ಮನೆಯಲ್ಲೇ ಇರುತ್ತೇನೆ ಅನ್ನುವವರಿಗೆ ಅಷ್ಟು ಬೇಕಾಗದೇ ಇರಬಹುದು. ಆದರೆ ರಾತ್ರಿ ಗಾಬರಿಯಲ್ಲಿ ಯಾರೋ ಆಂಬುಲೆನ್ಸ್ ಕರೆದು ಐಸಿಯು ಸೇರಿಸಿ, ಆಮೇಲೆ ಹೊರಗೆ ತರಲಾಗದೆ ಒದ್ದಾಡಿದ್ದನ್ನು ನೋಡಿದ್ದೇನೆ.

---

ಹಗಲುರಾತ್ರಿ_ನರ್ಸ್ (ವಿಜಯಪುರ) · ಶುಕ್ರವಾರ, ರಾತ್ರಿ 8:30

ಮಾಸ್ತರ್ ರಾತ್ರಿಯ ಗಾಬರಿಯ ಮಾತು ಎತ್ತಿದರು, ಅದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಓದಲು ಕಷ್ಟ, ಆದರೆ ಗೊತ್ತಿಲ್ಲದೆ ಎದುರಾದರೆ ಇನ್ನೂ ಕಷ್ಟ.

ಕುತ್ತಿಗೆಯ ಗಂಟು ದೊಡ್ಡ ರಕ್ತನಾಳದ ಹತ್ತಿರ ಇದ್ದರೆ ಕೆಲವರಿಗೆ ಒಮ್ಮೆಲೇ ರಕ್ತ ಹೋಗಬಹುದು. ಎಲ್ಲರಿಗೂ ಆಗೋದಿಲ್ಲ. ಒಮ್ಮೊಮ್ಮೆ ಮೊದಲು ಸ್ವಲ್ಪ ಸ್ವಲ್ಪ ರಕ್ತ ಕಾಣುತ್ತದೆ, ಹಾಗೆ ಕಂಡರೆ ಡಾಕ್ಟರಿಗೆ ತಿಳಿಸಿ. ಮನೆಯಲ್ಲಿ ನಾಲ್ಕೈದು ಗಾಢ ಬಣ್ಣದ ಟವೆಲ್ ಇಟ್ಟುಕೊಳ್ಳಿ. ಮೆರೂನ್, ಕಪ್ಪು, ಕಡು ನೀಲಿ. ಬಿಳಿ ಬಟ್ಟೆಯ ಮೇಲೆ ರಕ್ತ ಕಂಡರೆ ರೋಗಿಯೂ ಹೆದರುತ್ತಾರೆ, ನೀವೂ ಹೆದರುತ್ತೀರಿ. ಹಾಗೆ ಆದರೆ ಮಂಪರು ಬರಿಸುವ ಔಷಧ ಮೊದಲೇ ಕೊಟ್ಟಿಡಬಹುದಾ ಅಂತ ಡಾಕ್ಟರನ್ನು ಕೇಳಿ. ಆ ಹೊತ್ತಿನಲ್ಲಿ ಓಡಾಡಬೇಡಿ. ಒಬ್ಬರು ಕೈ ಹಿಡಿದು ಪಕ್ಕದಲ್ಲೇ ಕೂರಿ.

ಗಾಯ ವಾಸನೆ ಬರುತ್ತಿದ್ದರೆ ಊದಿನಕಡ್ಡಿ, ಲೋಬಾನ ಹಚ್ಚಬೇಡಿ, ಹೊಗೆ ನಳಿಗೆಯಲ್ಲಿ ಹೋಗುತ್ತದೆ. ವಾಸನೆ ಕಡಿಮೆ ಮಾಡುವ ಪುಡಿ ಇದೆ, ಡಾಕ್ಟರ್ ಬರೆದುಕೊಡುತ್ತಾರೆ. ಕರೆಂಟ್ ಹೋಗುವ ಊರಾದರೆ ಕಾಲಿನಿಂದ ತುಳಿಯುವ ಕಫದ ಮಷಿನ್ ಕೂಡ ಸಿಗುತ್ತದೆ.

ಕೊನೆಕೊನೆಗೆ ಅಂಬಲಿ ಬೇಡ ಅಂತ ಕೈ ಅಡ್ಡ ಹಿಡಿಯುತ್ತಾರೆ. ಒತ್ತಾಯ ಮಾಡಬೇಡಿ. ಉಪವಾಸ ಇಟ್ಟೆವು ಅಂತ ಕೊರಗಬೇಡಿ. ದೇಹಕ್ಕೆ ಆಗ ಬೇಕಾಗಿರೋದಿಲ್ಲ. ಬಾಯಿ ಒಣಗದ ಹಾಗೆ ಒದ್ದೆ ಬಟ್ಟೆಯಿಂದ ಒರೆಸುತ್ತಾ ಇರಿ, ಅಷ್ಟು ಸಾಕು.

ಮತ್ತೆ ನೀವು. ನೀವು ಮಲಗುತ್ತಿದ್ದೀರಾ? ಸರದಿ ಮಾಡಿಕೊಳ್ಳಿ. ತಡೆಯೋಕೆ ಆಗದಿದ್ದರೆ ಮನಸ್ಸಿನ ಕಷ್ಟಕ್ಕೆ ಇರುವ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

---

ಮಗ್ಗದಮನೆ (ಬನಹಟ್ಟಿ) · ಭಾನುವಾರ, ರಾತ್ರಿ 10:30

ಅಣ್ಣ ಬಂದ. ಕಾಕಾನ ಜೊತೆ ಒಂದು ಗಂಟೆ ಒಬ್ಬನೇ ಕೂತ. ಹೊರಗೆ ಬಂದವನು ಗಾಡಿ ತಗೊಂಡು ಸೀದಾ ಹೋಗಿ ಮೆರೂನ್ ಟವೆಲ್ ತಂದ. ಜಗಳ ಅಷ್ಟಕ್ಕೆ ಮುಗಿಯಿತು.

ಮಾರ್ಫಿನ್ ಶುರುವಾಗಿದೆ. ನಿನ್ನೆ ರಾತ್ರಿ ಎರಡಕ್ಕೆ ನಾನು ಎದ್ದೆ, ಅವರು ಏಳಲಿಲ್ಲ. ಹೆದರಿ ಮೂಗಿನ ಹತ್ತಿರ ಕೈ ಹಿಡಿದೆ. ಆಮೇಲೆ ನೆನಪಾಯಿತು, ಉಸಿರು ಮೂಗಿನಲ್ಲಿ ಇಲ್ಲ. ಒದ್ದೆ ಬಟ್ಟೆ ಮೆಲ್ಲಗೆ ಏಳುತ್ತಿತ್ತು, ಇಳಿಯುತ್ತಿತ್ತು.

---

ಪಾಟಿ_ಬಳಪ (ಗೋಕಾಕ) · ಸೋಮವಾರ, ಬೆಳಿಗ್ಗೆ 5:45

ಬಳಪದ ಪುಡಿಯೂ ನಳಿಗೆಗೆ ಒಳ್ಳೆಯದಲ್ಲ. ಮಕ್ಕಳಿಗೆ ಸಿಗುವ ಬ್ಯಾಟರಿ ಪಾಟಿ ಬರುತ್ತದೆ, ಬಟನ್ ಒತ್ತಿದರೆ ಅಳಿಸುತ್ತದೆ. ನಾನೂ ಈಗ ಅದನ್ನೇ ಬಳಸೋದು. ಹೆಸರು ಮಾತ್ರ ಬದಲಿಸಿಲ್ಲ.

---

ಮಗ್ಗದಮನೆ (ಬನಹಟ್ಟಿ) · ಏಳು ವಾರದ ನಂತರ

ಕಾಕಾ ಹೋದ ಗುರುವಾರ ನಸುಕಿನಲ್ಲಿ ಹೋದರು. ಮನೆಯಲ್ಲೇ. ಹೆದರಿದ ಹಾಗೆ ರಕ್ತ ಏನೂ ಹೋಗಲಿಲ್ಲ. ಟವೆಲ್ ಮಡಿಕೆ ಬಿಚ್ಚದೆ ಹಾಗೇ ಉಳಿದವು.

ಎರಡು ದಿನ ಮೊದಲಿಂದ ಪಾಟಿ ಹಿಡಿಯುವ ಶಕ್ತಿ ಇರಲಿಲ್ಲ. ಆ ರಾತ್ರಿ ಕಾಕು ಪಕ್ಕದಲ್ಲಿ ಕೂತಿದ್ದಳು. ತುಟಿ ಅಲುಗಿದವು. ಕಾಕು ಬಗ್ಗಿ ನೋಡಿದಳು, ತಲೆ ಆಡಿಸಿದಳು, ತಾನೂ ತುಟಿ ಆಡಿಸಿ ಏನೋ ಅಂದಳು. ಆಮೇಲೆ ಒಂದು ತಾಸಿನಲ್ಲಿ ಉಸಿರು ನಿಂತಿತು. ಏನಂದರು ಅಂತ ಅಣ್ಣ ಕೇಳಿದ. "ಅದು ಮಗ್ಗದ ಮಾತು, ನಿಮಗ ತಿಳಿಯೂದಿಲ್ಲ" ಅಂದಳು. ಇನ್ನೂ ಹೇಳಿಲ್ಲ.

ಎಂಟು ಸೀರೆಯಲ್ಲಿ ಆರು ಆಗಿವೆ. ಮಣ್ಣು ಮಾಡಿ ಬಂದು ಐದು ದಿನ ಮಗ್ಗ ನಿಲ್ಲಿಸಿದ್ದೆವು. ಇವತ್ತು ಕಾಕುವೇ ಸ್ವಿಚ್ ಹಾಕಿದಳು.

ಉಳಿದ ಮಾರ್ಫಿನ್ ಗುಳಿಗೆ ಏನು ಮಾಡಬೇಕು? ಕಫದ ಮಷಿನ್ ಚೆನ್ನಾಗಿದೆ, ಸೆಕೆಂಡ್ ಹ್ಯಾಂಡ್ ತಂದದ್ದು. ಯಾರಿಗಾದರೂ ಬೇಕಾ? ದುಡ್ಡು ಬೇಡ.

---

ಹಗಲುರಾತ್ರಿ_ನರ್ಸ್ (ವಿಜಯಪುರ) · ಅದೇ ದಿನ

ಗುಳಿಗೆಯನ್ನು ಯಾರಿಗೂ ಕೊಡಬೇಡಿ, ಬಚ್ಚಲಿಗೂ ಹಾಕಬೇಡಿ. ಕೊಟ್ಟ ಆಸ್ಪತ್ರೆಗೇ ಎಣಿಸಿ ವಾಪಸ್ ಕೊಡಿ, ಚೀಟಿ ಜೊತೆಗೆ. ಕಾಕುವಿಗೆ ನನ್ನ ನಮಸ್ಕಾರ ತಿಳಿಸಿ.

---

ಮುಧೋಳದಾಕಿ · ಅದೇ ದಿನ

ಅಣ್ಣಾ, ಮಷಿನ್ ನಮಗೆ ಬೇಕು. ಬಾಡಿಗೆ ಮಷಿನ್ ಎರಡು ಸಲ ಕೆಟ್ಟಿದೆ. ಕಾಕಾನ ಸುದ್ದಿ ಕೇಳಿ ಏನು ಹೇಳಬೇಕೋ ತಿಳಿಯುತ್ತಿಲ್ಲ.

---

ಮಗ್ಗದಮನೆ (ಬನಹಟ್ಟಿ) · ಮರುದಿನ

ಬೆಳಗಿನ ಬಸ್ಸಿಗೆ ಇಟ್ಟಿದ್ದೇನೆ ತಂಗಿ. ಕಂಡಕ್ಟರಿಗೆ ಹೇಳಿದ್ದೇನೆ, ಮುಧೋಳ ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳಿ. ಬಾಟಲಿ ಕುದಿಯುವ ನೀರಿನಲ್ಲಿ ತೊಳೆದಿದ್ದೇನೆ. ಪೈಪು ಮಾತ್ರ ಹೊಸದು ತಗೊಳ್ಳಿ. ಮೆರೂನ್ ಟವೆಲ್ ನಾಲ್ಕೂ ಅದರಲ್ಲೇ ಇಟ್ಟಿದ್ದೇನೆ.

---

ಮುಧೋಳದಾಕಿ · ಮರುದಿನ, ಮಧ್ಯಾಹ್ನ

ಮುಟ್ಟಿತು ಅಣ್ಣಾ. ಹಚ್ಚಿ ನೋಡಿದೆವು, ಎಳೆಯುತ್ತದೆ. ಒಳಗಿನ ಜಾಳಿಗೆಯಲ್ಲಿ ಕೆಂಪು ನೂಲು ಸಿಕ್ಕಿಕೊಂಡಿದೆ, ತೆಗೆಯಲಾ?